ತನ್ನ ಕಣ್ಣನ್ನೇ ನಂಬಬಾರದ ವೈದ್ಯ

ಪಾರ್ಕಿನ್ಸನ್ ಕಾಯಿಲೆಗೆ ಹೊಸ ಮದ್ದು ಪರೀಕ್ಷಿಸುವ ವೈದ್ಯರ ದಿನ ಬಹಳ ಸಲ ರೋಗಿಗೆ ಸ್ವಲ್ಪ ಕಷ್ಟ ಕೊಡುವುದರಿಂದಲೇ ಆರಂಭವಾಗುತ್ತದೆ. ಪರೀಕ್ಷೆಗೆ ಬರುವ ರೋಗಿ ಹಿಂದಿನ ರಾತ್ರಿಯಿಂದ, ಅಂದರೆ ಸುಮಾರು 12 ಗಂಟೆ ಕಾಲ, ತನ್ನ ಮಾಮೂಲಿ ಗುಳಿಗೆ ನುಂಗಿರುವುದಿಲ್ಲ. ನುಂಗಬೇಡಿ ಎಂದು ಹೇಳಿ ಕಳಿಸಿದವರು ವೈದ್ಯರೇ. ಗುಳಿಗೆಯಿಲ್ಲದ ಮೈ ಮರದಂತೆ ಬಿಗಿದುಕೊಂಡಿರುತ್ತದೆ. ಅಂಗಿಯ ಗುಂಡಿಯನ್ನು ಮನೆಯವರು ಹಾಕಿ ಕಳಿಸಿರುತ್ತಾರೆ. ಕಾರಿನಿಂದ ಇಳಿದು ಬಾಗಿಲವರೆಗೆ ಬರುವುದೇ ಒಂದು ದೊಡ್ಡ ಪ್ರಯಾಣ. ಈ ಸ್ಥಿತಿಗೆ ರೋಗಿಗಳೇ ಇಟ್ಟುಕೊಂಡಿರುವ ಹೆಸರು ‘ಆಫ್’. ಮದ್ದು ಏರಿ ಮೈ ಸಡಿಲಾದಾಗ ‘ಆನ್’. ವಿದ್ಯುತ್ ದೀಪದ ಸ್ವಿಚ್ಚಿನ ಹಾಗೆ!

ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಹೆಬ್ಬೆರಳಿಗೆ ತೋರುಬೆರಳನ್ನು ಹತ್ತು ಸಲ ತಟ್ಟಿ, ಆದಷ್ಟು ಅಗಲವಾಗಿ, ಆದಷ್ಟು ಬೇಗ ಎನ್ನುತ್ತಾರೆ ವೈದ್ಯರು. ಮುಷ್ಟಿ ಬಿಗಿದು ಬಿಡಿಸಿ. ಅಂಗೈಯನ್ನು ಮೇಲೆ ಕೆಳಗೆ ತಿರುಗಿಸಿ. ಕೈಕಟ್ಟಿಕೊಂಡು ಕುರ್ಚಿಯಿಂದ ಏಳಿ. ಅಲ್ಲಿಯವರೆಗೆ ನಡೆದು ತಿರುಗಿ ಬನ್ನಿ. ಕೊನೆಗೆ ರೋಗಿಯ ಹಿಂದೆ ನಿಂತು ಎರಡೂ ಭುಜ ಹಿಡಿದು ಚಕ್ಕನೆ ಹಿಂದಕ್ಕೆ ಎಳೆಯುತ್ತಾರೆ. ಎಷ್ಟು ಹೆಜ್ಜೆಯಲ್ಲಿ ಸಮತೋಲ ಸಿಕ್ಕಿತು ಎಂದು ಎಣಿಸುತ್ತಾರೆ. ಬಿದ್ದರೆ ಹಿಡಿಯಲು ತಾವೇ ಸಿದ್ಧರಾಗಿ ನಿಂತಿರಬೇಕು. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಶಾಲೆಯ ಅಂಕದ ಹಾಗಲ್ಲ, ಇಲ್ಲಿ ಸೊನ್ನೆ ಬಂದವನೇ ಜಾಣ. ಪ್ರಪಂಚದ ಯಾವ ಮೂಲೆಯಲ್ಲಿ ಪ್ರಯೋಗ ನಡೆದರೂ ಹೆಚ್ಚುಕಡಿಮೆ ಇದೇ ಅಂಕಪಟ್ಟಿ.

ಇಷ್ಟರಲ್ಲಿ ಸೋಜಿಗವೇನೂ ಇಲ್ಲ. ಸೋಜಿಗವಿರುವುದು ಆ ವೈದ್ಯರಿಗೆ ಗೊತ್ತಿಲ್ಲದ ಸಂಗತಿಯಲ್ಲಿ. ಎದುರಿಗಿರುವ ರೋಗಿ ಆರು ತಿಂಗಳಿಂದ ತೆಗೆದುಕೊಳ್ಳುತ್ತಿರುವುದು ಹೊಸ ಮದ್ದೋ, ಅದರಂತೆಯೇ ಕಾಣುವ ಹುಸಿಮದ್ದೋ ಎಂಬುದು ವೈದ್ಯರಿಗೂ ತಿಳಿಯದು, ರೋಗಿಗೂ ತಿಳಿಯದು. ಯಾರಿಗೆ ಯಾವುದು ಎಂದು ಚೀಟಿ ಎತ್ತಿದ ಹಾಗೆ ಕಂಪ್ಯೂಟರು ನಿರ್ಧರಿಸಿರುತ್ತದೆ. ಆ ಗುಟ್ಟಿನ ಪಟ್ಟಿ ಬೇರೆಲ್ಲೋ ಭದ್ರವಾಗಿರುತ್ತದೆ. ಕೆಲವು ಪ್ರಯೋಗಗಳಲ್ಲಿ ಇನ್ನೂ ಒಂದು ಕಟ್ಟುಪಾಡು ಉಂಟು. ಅಂಕ ಕೊಡುವ ವೈದ್ಯರು ಬೇರೆ, ರೋಗಿಯ ಯೋಗಕ್ಷೇಮ ನೋಡುವ ವೈದ್ಯರು ಬೇರೆ. ಅಂಕ ಕೊಡುವವರು ‘ಹೊಟ್ಟೆ ತೊಳಸುತ್ತದೆಯೇ?’ ಎಂದು ಕೂಡ ಕೇಳುವಂತಿಲ್ಲ. ಕೇಳಿದರೆ ಉತ್ತರದಲ್ಲೇ ಗುಟ್ಟಿನ ಸುಳಿವು ಸಿಕ್ಕೀತು.

ಹತ್ತು ಹನ್ನೆರಡು ವರ್ಷ ಓದಿ, ರೋಗಿಯನ್ನು ನೋಡಿದ ಕೂಡಲೇ ಗುರುತಿಸುವಷ್ಟು ಕಣ್ಣು ಪಳಗಿಸಿಕೊಂಡ ಮೇಲೆ, ‘ನಿನ್ನ ಕಣ್ಣನ್ನು ನಂಬಬೇಡ’ ಎಂದು ಹೇಳಿಸಿಕೊಳ್ಳುವ ಕೆಲಸ ಇದು. ಮಗನನ್ನೋ ಮಗಳನ್ನೋ ಡಾಕ್ಟರು ಮಾಡಬೇಕೆಂದು ಹೊರಟ ತಂದೆತಾಯಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಈ ಕಟ್ಟುಪಾಡು ಏಕೆ ಹುಟ್ಟಿತು ಎಂಬುದಕ್ಕೆ ಕಾರಣ ಕಾಯಿಲೆಯೊಳಗೇ ಇದೆ.

ಕಪ್ಪು ಭಾಗದ ಕಥೆ

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದ. ಅದರಲ್ಲಿದ್ದುದು ಆರೇ ಜನರ ವಿವರ. ಅವರಲ್ಲೂ ಕೆಲವರನ್ನು ಆತ ಬೀದಿಯಲ್ಲಿ ನಡೆದುಹೋಗುವಾಗ ಕಂಡದ್ದಷ್ಟೆ. ಸುಮ್ಮನೆ ಕುಳಿತಾಗ ನಡುಗುವ ಕೈ, ಮುಂದಕ್ಕೆ ಬಾಗಿದ ಬೆನ್ನು, ಓಡುವಂತೆ ಇಡುವ ಪುಟ್ಟ ಪುಟ್ಟ ಹೆಜ್ಜೆ. ಆ ವರ್ಣನೆ ಇಂದಿಗೂ ಸರಿಯಾಗಿದೆ. ಕಾರಣ ತಿಳಿಯಲು ಮಾತ್ರ ಇನ್ನೂ 140 ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಮಿದುಳಿನ ಬುಡದಲ್ಲಿ ಕಪ್ಪು ಬಣ್ಣದ ಒಂದು ಚಿಕ್ಕ ಭಾಗವಿದೆ. ಅಲ್ಲಿಯ ನರಕೋಶಗಳು ಡೋಪಮೈನ್ ಎಂಬ ರಾಸಾಯನಿಕ ತಯಾರಿಸುತ್ತವೆ. ಚಲನೆ ಸರಾಗವಾಗಿರಲು ಅದು ಬೇಕೇ ಬೇಕು. ಈ ಕಾಯಿಲೆಯಲ್ಲಿ ಆ ಕೋಶಗಳು ಒಂದೊಂದಾಗಿ ಸಾಯುತ್ತವೆ. ನಡುಕ ಕಣ್ಣಿಗೆ ಬೀಳುವ ಹೊತ್ತಿಗೆ ಅವುಗಳಲ್ಲಿ ಗಣನೀಯ ಪಾಲು ಹೋಗಿಯೇ ಬಿಟ್ಟಿರುತ್ತದೆ. ವಿಯೆನ್ನಾದಲ್ಲಿ ಓಲೆ ಹಾರ್ನಿಕೀವಿಚ್ ಎಂಬ ವಿಜ್ಞಾನಿ 1960ರಲ್ಲಿ, ತೀರಿಕೊಂಡ ರೋಗಿಗಳ ಮಿದುಳು ಪರೀಕ್ಷಿಸಿ, ಡೋಪಮೈನ್ ಬತ್ತಿಹೋಗಿರುವುದನ್ನು ತೋರಿಸಿದರು.

ಮರುವರ್ಷವೇ ಅದೇ ಊರಿನಲ್ಲಿ ಡೋಪಮೈನ್‌ನ ಕಚ್ಚಾಸಾಮಗ್ರಿಯಾದ ಲೀವೋಡೋಪಾವನ್ನು ರೋಗಿಗಳಿಗೆ ಚುಚ್ಚಿದಾಗ, ಏಳಲಾರದವರು ಎದ್ದರು, ನಡೆಯಲಾರದವರು ನಡೆದರು. ಆದರೆ ಅದು ಕೆಲವು ಗಂಟೆಗಳ ಮಾತು. ಅಮೆರಿಕದಲ್ಲಿ ಜಾರ್ಜ್ ಕೋಟ್ಜಿಯಾಸ್ 1967ರಲ್ಲಿ, ಬಾಯಿಯ ಮೂಲಕ, ಸ್ವಲ್ಪಸ್ವಲ್ಪವಾಗಿ ಪ್ರಮಾಣ ಏರಿಸುತ್ತ ಕೊಡುವ ದಾರಿ ತೋರಿಸಿದ ಮೇಲೆ ಅದು ದಿನನಿತ್ಯದ ಮದ್ದಾಯಿತು. ಇಂದಿಗೂ ಅದನ್ನು ಮೀರಿಸಿದ ಗುಳಿಗೆ ಬಂದಿಲ್ಲ. ಆದರೆ ಲೀವೋಡೋಪಾ ಕೊರತೆ ತುಂಬುತ್ತದೆಯೇ ಹೊರತು ಕೋಶಗಳ ಸಾವನ್ನು ತಡೆಯುವುದಿಲ್ಲ. ತೂತುಬಿದ್ದ ಕೊಡಕ್ಕೆ ನೀರು ಹೊಯ್ದಂತೆ. ವರ್ಷಗಳು ಕಳೆದಂತೆ ಒಂದು ಗುಳಿಗೆಯ ಪ್ರಭಾವ ಮುಂದಿನ ಗುಳಿಗೆಯ ಹೊತ್ತಿನವರೆಗೆ ನಿಲ್ಲುವುದಿಲ್ಲ. ಕೆಲವರಿಗೆ ಮೈಕೈ ತಾನಾಗಿ ತಿರುಚಿ ಕುಣಿಯುವ ತೊಂದರೆಯೂ ಸೇರಿಕೊಳ್ಳುತ್ತದೆ. ಕಾಯಿಲೆಯ ನಡೆಯನ್ನೇ ನಿಧಾನಗೊಳಿಸುತ್ತದೆ ಎಂದು ಖಚಿತವಾಗಿ ಸಿದ್ಧಪಟ್ಟ ಮದ್ದು ಇಂದಿಗೂ ಒಂದೂ ಇಲ್ಲ. ಹಲವು ಪ್ರಯೋಗಗಳು ನಡೆಯುತ್ತಿರುವುದು ಅದಕ್ಕಾಗಿ.

ನಂಬಿಕೆಯೇ ಡೋಪಮೈನ್ ಆದಾಗ

ಹುಸಿಮದ್ದಿನಿಂದ ಸ್ವಲ್ಪ ಗುಣ ಕಾಣುವುದು ಹಲವು ಕಾಯಿಲೆಗಳಲ್ಲಿ ಇದ್ದದ್ದೇ. ಪಾರ್ಕಿನ್ಸನ್ನಿನ ಮಾತು ಬೇರೆ. ಸುಖ ಬರಲಿದೆ ಎಂಬ ನಿರೀಕ್ಷೆಯಲ್ಲಿ ಮಿದುಳು ಬಿಡುಗಡೆ ಮಾಡುವ ವಸ್ತುವೂ ಡೋಪಮೈನೇ! ಕೆನಡಾದ ವ್ಯಾಂಕೂವರ್‌ನ ಸಂಶೋಧಕರು ಮಿದುಳಿನ ಚಿತ್ರ ತೆಗೆದು 2001ರಲ್ಲಿ ಇದನ್ನು ತೋರಿಸಿದರು. ಬರೀ ಉಪ್ಪುನೀರಿನ ಚುಚ್ಚುಮದ್ದು ಹಾಕಿಸಿಕೊಂಡು ಮದ್ದು ಸಿಕ್ಕಿತೆಂದು ಎಣಿಸಿದ ರೋಗಿಯ ಮಿದುಳಿನಲ್ಲಿ ನಿಜವಾಗಿಯೂ ಡೋಪಮೈನ್ ಹರಿದಿತ್ತು. ಅಂದರೆ ಆತನಿಗೆ ‘ಹಾಗೆನಿಸಿದ್ದು’ ಮಾತ್ರವಲ್ಲ, ಆತ ಆ ಹೊತ್ತಿಗೆ ನಿಜಕ್ಕೂ ಸುಧಾರಿಸಿದ್ದ.

ಅಮೆರಿಕದ ಸಿನ್ಸಿನಾಟಿಯ ವೈದ್ಯರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ವಾರಸ್ಯದ್ದು. 12 ರೋಗಿಗಳಿಗೆ ಎರಡು ಚುಚ್ಚುಮದ್ದು. ಒಂದರ ಬೆಲೆ 100 ಡಾಲರ್, ಇನ್ನೊಂದರದು 1500 ಡಾಲರ್ ಎಂದು ಹೇಳಲಾಯಿತು. ಎರಡೂ ಉಪ್ಪುನೀರೇ. ದುಬಾರಿಯದು ಎಂದು ಹೇಳಿ ಕೊಟ್ಟ ಉಪ್ಪುನೀರೇ ಚಲನೆಯನ್ನು ಹೆಚ್ಚು ಸುಧಾರಿಸಿತು. ನಮ್ಮಲ್ಲೂ ಹೆಚ್ಚು ಫೀಸು ತೆಗೆದುಕೊಳ್ಳುವ ಡಾಕ್ಟರೇ ದೊಡ್ಡ ಡಾಕ್ಟರು ಎನ್ನುವವರಿದ್ದಾರಲ್ಲ, ಅವರನ್ನು ನಗುವ ಮುನ್ನ ಇದನ್ನು ನೆನೆಯಬೇಕು.

ಗುಳಿಗೆ, ಸೂಜಿಯ ಮಾತು ಇರಲಿ. ಶಸ್ತ್ರಚಿಕಿತ್ಸೆಯನ್ನು ಪರೀಕ್ಷಿಸುವುದು ಹೇಗೆ? 1990ರ ದಶಕದಲ್ಲಿ, ಭ್ರೂಣದಿಂದ ತೆಗೆದ ಡೋಪಮೈನ್ ಕೋಶಗಳನ್ನು ರೋಗಿಯ ಮಿದುಳಿಗೆ ಕಸಿ ಮಾಡುವ ಚಿಕಿತ್ಸೆಯ ಬಗ್ಗೆ ದೊಡ್ಡ ಭರವಸೆ ಎದ್ದಿತ್ತು. ಕಸಿ ಮಾಡಿಸಿಕೊಂಡವರು ಚೇತರಿಸಿದರೆಂಬ ವರದಿಗಳೂ ಬರುತ್ತಿದ್ದವು. ಆಗ ಅಮೆರಿಕದ ವೈದ್ಯರು 40 ರೋಗಿಗಳ ಒಂದು ಪ್ರಯೋಗ ನಡೆಸಿದರು. 20 ಮಂದಿಗೆ ನಿಜವಾದ ಕಸಿ. ಉಳಿದ 20 ಮಂದಿಗೆ ತಲೆಬುರುಡೆಯಲ್ಲಿ ರಂಧ್ರ ಕೊರೆದು, ಮಿದುಳಿನ ಪೊರೆಯನ್ನು ಮುಟ್ಟದೆ, ಹಾಗೆಯೇ ಮುಚ್ಚಲಾಯಿತು. ಎಲ್ಲರಿಗೂ ಈ ಸಾಧ್ಯತೆಯನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆದಿದ್ದರು.

ಇದನ್ನು ಓದಿದಾಗ ಮೈ ಜುಮ್ಮೆನ್ನದೆ ಇರದು. ರೋಗಿಗೆ ಒಳಿತಾಗದ ಗಾಯವನ್ನು ವೈದ್ಯನೇ ಮಾಡಬಹುದೆ? ವೈದ್ಯಲೋಕದಲ್ಲಿ ಆಗ ದೊಡ್ಡ ಜಗಳವೇ ಆಯಿತು. ಆದರೆ 2001ರಲ್ಲಿ ಫಲಿತಾಂಶ ಬಂದಾಗ ಕೊರೆದದ್ದಕ್ಕೆ ಒಂದು ಉತ್ತರ ದೊರೆಯಿತು. ಒಂದು ವರ್ಷದ ಮೇಲೆ ರೋಗಿಗಳು ತಾವೇ ಕೊಟ್ಟ ಒಟ್ಟಾರೆ ಅಭಿಪ್ರಾಯದಲ್ಲಿ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಚಲನೆಯ ಪರೀಕ್ಷೆಯಲ್ಲಿ ಕಿರಿಯ ರೋಗಿಗಳಿಗೆ ಮಾತ್ರ ಸ್ವಲ್ಪ ಲಾಭ ಕಂಡಿತು. ಕಸಿಯಾದವರಲ್ಲಿ ಶೇ 15ರಷ್ಟು ಜನರಿಗೆ ಮುಂದೆ, ಮದ್ದು ಕಡಿಮೆ ಮಾಡಿದರೂ ನಿಲ್ಲದ, ಮೈ ತಿರುಚುವ ಕಾಟ ಅಂಟಿಕೊಂಡಿತು. ಹುಸಿ ಶಸ್ತ್ರಚಿಕಿತ್ಸೆ ಇಲ್ಲದೆ ಹೋಗಿದ್ದರೆ ಈ ಚಿಕಿತ್ಸೆ ಊರೂರಿಗೆ ಹಬ್ಬುತ್ತಿತ್ತು ಎಂದೇ ನನ್ನ ಅನಿಸಿಕೆ.

ಅದೇ ಪ್ರಯೋಗದ ಜೊತೆಗೆ ನಡೆದು 2004ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನನ್ನ ಮಟ್ಟಿಗೆ ಹೆಚ್ಚು ಮುಖ್ಯ. ನಿಜಕ್ಕೂ ಕಸಿಯಾಗಿತ್ತೋ ಇಲ್ಲವೋ, ತಮಗೆ ಕಸಿಯಾಗಿದೆ ಎಂದು ನಂಬಿದವರೇ ತಮ್ಮ ಬದುಕು ಸುಧಾರಿಸಿತೆಂದು ಹೇಳಿದ್ದರು. ಅಷ್ಟೇ ಅಲ್ಲ, ಗುಟ್ಟು ತಿಳಿಯದ ವೈದ್ಯ ಸಿಬ್ಬಂದಿ ಕೊಟ್ಟ ಅಂಕಗಳೂ ರೋಗಿಯ ಈ ನಂಬಿಕೆಯ ಬೆನ್ನುಹತ್ತಿದ್ದವು. ಪಳಗಿದ ಕಣ್ಣೂ ಮೋಸಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಿಲ್ಲಿಸುವ ಕಷ್ಟ

ಇಂಥ ಪ್ರಯೋಗ ಸೋತಾಗ ಯಾರ ಮಾತು ನಂಬಬೇಕು? ಅಂಕಪಟ್ಟಿಯನ್ನೋ, ‘ನನಗೆ ಗುಣವಾಗಿದೆ ಡಾಕ್ಟರೇ’ ಎನ್ನುವ ರೋಗಿಯನ್ನೋ? ಜಿಡಿಎನ್‌ಎಫ್ ಎಂಬ ಪ್ರೋಟೀನಿನ ಕಥೆಯಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ನರಕೋಶಗಳಿಗೆ ಗೊಬ್ಬರದಂತೆ ಕೆಲಸ ಮಾಡುವ ಪ್ರೋಟೀನು ಅದು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಸ್ತ್ರವೈದ್ಯ ಸ್ಟೀವನ್ ಗಿಲ್ ಮತ್ತು ಸಂಗಡಿಗರು ಅದನ್ನು ಕೊಳವೆಯ ಮೂಲಕ ನೇರವಾಗಿ ಮಿದುಳಿಗೆ ಹರಿಸಿ, ಐವರು ರೋಗಿಗಳೂ ಚೆನ್ನಾಗಿ ಚೇತರಿಸಿದರೆಂದು 2003ರಲ್ಲಿ ವರದಿ ಮಾಡಿದರು. ಅಲ್ಲಿ ಹುಸಿಮದ್ದಿನ ಗುಂಪು ಇರಲಿಲ್ಲ. ಪ್ರೋಟೀನಿನ ಒಡೆತನವಿದ್ದ ಆಮ್ಜೆನ್ ಕಂಪನಿ 34 ರೋಗಿಗಳ ಮೇಲೆ ಹುಸಿಮದ್ದಿನ ಜೊತೆ ಹೋಲಿಸಿ ನೋಡಿದಾಗ ಆರು ತಿಂಗಳಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ಹೆಚ್ಚಿನ ಪ್ರಮಾಣ ಕೊಟ್ಟ ಕೆಲವು ಕೋತಿಗಳ ಮಿದುಳಿಗೆ ಹಾನಿಯಾದದ್ದೂ ಕಂಡುಬಂತು. ಕಂಪನಿ 2004ರಲ್ಲಿ ಪೂರೈಕೆ ನಿಲ್ಲಿಸಿತು. ‘ನಮಗೆ ಗುಣವಾಗುತ್ತಿದೆ, ಕೊಡುವುದನ್ನು ಮುಂದುವರಿಸಿ’ ಎಂದು ಕೆಲವು ರೋಗಿಗಳು ದಾವೆ ಹೂಡಿದರು. 2005ರಲ್ಲಿ ಅಮೆರಿಕದ ನ್ಯಾಯಾಲಯಗಳು ಅವರ ಬೇಡಿಕೆ ಒಪ್ಪಲಿಲ್ಲ.

ಬ್ರಿಸ್ಟಲ್‌ನ ವೈದ್ಯರು ಪಟ್ಟು ಬಿಡದೆ ಮತ್ತೊಂದು ಪ್ರಯೋಗ ನಡೆಸಿದರು. 41 ರೋಗಿಗಳು. ಪ್ರತಿಯೊಬ್ಬರ ಮಿದುಳಿಗೂ ನಾಲ್ಕು ಸಣ್ಣ ಕೊಳವೆ, ಕಿವಿಯ ಹಿಂದೆ ಅದರ ದ್ವಾರ. ನಾಲ್ಕು ವಾರಕ್ಕೊಮ್ಮೆ ಬಂದು ಮದ್ದು ಹರಿಸಿಕೊಳ್ಳಬೇಕು, ಮದ್ದೋ ಹುಸಿಮದ್ದೋ ತಿಳಿಯದೆ. ಫಲಿತಾಂಶ 2019ರಲ್ಲಿ ಬಂತು. ಒಂಬತ್ತು ತಿಂಗಳ ಕೊನೆಗೆ ‘ಆಫ್’ ಸ್ಥಿತಿಯ ಅಂಕ ಮದ್ದು ಪಡೆದವರಲ್ಲಿ ಶೇ 17.3ರಷ್ಟು, ಹುಸಿಮದ್ದಿನವರಲ್ಲಿ ಶೇ 11.8ರಷ್ಟು ಸುಧಾರಿಸಿತ್ತು. ಆ ಅಂತರ ಆಕಸ್ಮಿಕವಲ್ಲ ಎನ್ನುವಷ್ಟು ದೊಡ್ಡದಿರಲಿಲ್ಲ. ಆದರೆ ಮದ್ದು ಪಡೆದವರ ಮಿದುಳಿನ ಚಿತ್ರದಲ್ಲಿ ಬದಲಾವಣೆ ಸ್ಪಷ್ಟವಾಗಿತ್ತು, ಹುಸಿಮದ್ದಿನವರಲ್ಲಿ ಅದು ಇರಲಿಲ್ಲ. ಮದ್ದು ಸೋತಿತೋ, ಅಳೆಯುವ ಕೋಲು ಸೋತಿತೋ? ತಜ್ಞರು ಇದನ್ನು ಕುರಿತು ವಾದ ಮಾಡುತ್ತಲೇ ಇದ್ದಾರೆ. ತಲೆಗೆ ಕೊಳವೆ ಹಾಕಿಸಿಕೊಂಡ ರೋಗಿಯ ಎದುರು ಕುಳಿತು ‘ಇನ್ನು ಮುಂದೆ ಇದು ಇಲ್ಲ’ ಎಂದು ಹೇಳಬೇಕಾದ ವೈದ್ಯರಿಗೆ ಮಾತ್ರ ವಾದದಿಂದ ಸಮಾಧಾನ ಸಿಗುವುದಿಲ್ಲ.

ಇನ್ನೊಂದು ಬಗೆಯ ತೊಡಕೂ ಇದೆ. 1987ರಲ್ಲಿ ಅಮೆರಿಕ, ಕೆನಡಾದ 800 ರೋಗಿಗಳ ಮೇಲೆ ಒಂದು ದೊಡ್ಡ ಪ್ರಯೋಗ ಆರಂಭವಾಯಿತು. ವಿಟಮಿನ್ ಇ ಮತ್ತು ಡೆಪ್ರನಿಲ್ ಎಂಬ ಎರಡು ಮದ್ದುಗಳ ಪರೀಕ್ಷೆ. ವಿಟಮಿನ್ ಇ ಏನೂ ಮಾಡಲಿಲ್ಲ. ಡೆಪ್ರನಿಲ್ ತೆಗೆದುಕೊಂಡವರಿಗೆ ಲೀವೋಡೋಪಾ ಬೇಕಾಗುವ ದಿನ ತಿಂಗಳುಗಟ್ಟಲೆ ಮುಂದೆ ಹೋಯಿತು. ಕಾಯಿಲೆ ನಿಧಾನವಾಯಿತೆಂದು ಎಲ್ಲರೂ ಸಂಭ್ರಮಿಸಿದರು. ಆಮೇಲೆ ನೋಡಿದರೆ ಡೆಪ್ರನಿಲ್ ತಾನೇ ನಡುಕವನ್ನೂ ಬಿಗಿತವನ್ನೂ ಸ್ವಲ್ಪ ಇಳಿಸುವ ಮದ್ದು! ಕಾಯಿಲೆ ನಿಂತಿತೋ, ಮುಸುಕು ಹಾಕಿಕೊಂಡಿತೋ ಹೇಳಲಾಗಲಿಲ್ಲ.

ಈ ಗೋಜಲನ್ನು ಬಿಡಿಸಲು ಒಂದು ಜಾಣ ಉಪಾಯ ಬಂತು. ಒಂದು ಗುಂಪಿಗೆ ಮೊದಲ ದಿನದಿಂದ ಮದ್ದು, ಇನ್ನೊಂದಕ್ಕೆ ಕೆಲಕಾಲ ಹುಸಿಮದ್ದು, ಅನಂತರ ಇಬ್ಬರಿಗೂ ಮದ್ದು. ಮೊದಲು ಶುರುಮಾಡಿದವರು ಕೊನೆಯಲ್ಲೂ ಮುಂದಿದ್ದರೆ ಮಾತ್ರ ಕಾಯಿಲೆಯ ನಡೆ ಬದಲಾಗಿದೆ ಎಂದರ್ಥ. ಇದೇ ಉಪಾಯದಿಂದ ನೆದರ್‌ಲೆಂಡ್ಸ್‌ನ ವೈದ್ಯರು 445 ರೋಗಿಗಳಲ್ಲಿ ಲೀವೋಡೋಪಾವನ್ನೇ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಕೊಟ್ಟರು. 40 ವಾರ ಮೊದಲೇ ಆರಂಭಿಸಿದವರಿಗೂ ತಡವಾಗಿ ಆರಂಭಿಸಿದವರಿಗೂ 80 ವಾರದ ಕೊನೆಗೆ ವ್ಯತ್ಯಾಸವಿರಲಿಲ್ಲ. ಕಾಯಿಲೆ ನಿಧಾನವಾಗಲೂ ಇಲ್ಲ, ಜೋರಾಗಲೂ ಇಲ್ಲ. ಮನೆಯಲ್ಲಿ ತಾತನಿಗೋ ಅಜ್ಜಿಗೋ ಈ ಕಾಯಿಲೆಯಿದ್ದರೆ ಈ ‘ಸೊನ್ನೆ’ ಫಲಿತಾಂಶದ ಬೆಲೆ ನಿಮಗೆ ತಿಳಿದೀತು. ‘ಈಗಲೇ ಗುಳಿಗೆ ಶುರುಮಾಡಿದರೆ ಮುಂದೆ ಕೆಲಸ ಮಾಡುವುದಿಲ್ಲ’ ಎಂದು ಹೆದರಿ ವರ್ಷಗಟ್ಟಲೆ ಕಷ್ಟ ಸಹಿಸುವವರು ಎಷ್ಟೋ ಮಂದಿ. ಯಾವಾಗ ಆರಂಭಿಸಬೇಕೆಂಬುದನ್ನು ತಮ್ಮ ವೈದ್ಯರೊಡನೆ ಮಾತಾಡಿ ನಿರ್ಧರಿಸಬಹುದು. ಆ ಹೆದರಿಕೆ ಮಾತ್ರ ಬೇಡ.

ಸೊನ್ನೆಗಳ ಪಟ್ಟಿ ಉದ್ದವಿದೆ. ವ್ಯಾಯಾಮ ಪಟುಗಳು ನುಂಗುವ ಕ್ರಿಯಾಟಿನ್ ಪುಡಿಯನ್ನು 1741 ರೋಗಿಗಳ ಮೇಲೆ ವರ್ಷಗಟ್ಟಲೆ ಪರೀಕ್ಷಿಸಿ, ಪ್ರಯೋಜನವಿಲ್ಲವೆಂದು 2013ರಲ್ಲಿ ನಿಲ್ಲಿಸಿದರು. ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲಿನಿಂದ ಸುಳಿವು ಹಿಡಿದು ಮಾಡಿದ ಸಕ್ಕರೆ ಕಾಯಿಲೆಯ ಮದ್ದು ಎಕ್ಸೆನಟೈಡ್, ಲಂಡನ್ನಿನ 62 ರೋಗಿಗಳಲ್ಲಿ 2017ರಲ್ಲಿ ಆಸೆ ಹುಟ್ಟಿಸಿತು. 194 ರೋಗಿಗಳಲ್ಲಿ, 96 ವಾರ ನೋಡಿ 2025ರಲ್ಲಿ ಪ್ರಕಟಿಸಿದಾಗ ಆಸೆ ಇಂಗಿತು. ಒಬ್ಬ ವೈದ್ಯ ತನ್ನ ವೃತ್ತಿಯ ಹತ್ತು ವರ್ಷವನ್ನು ಒಂದೇ ಮದ್ದಿಗೆ ಕೊಟ್ಟು, ಕೊನೆಗೆ ‘ಇದರಿಂದ ಉಪಯೋಗವಿಲ್ಲ’ ಎಂದು ತಾನೇ ಬರೆಯಬೇಕಾಗಬಹುದು. ಹಾಗೆ ಬರೆಯಲು ಬೇಕಾದ ಎದೆಗಾರಿಕೆಯನ್ನು ಯಾವ ಪ್ರವೇಶ ಪರೀಕ್ಷೆಯೂ ಅಳೆಯುವುದಿಲ್ಲ.

ನಮ್ಮ ನಸುಗುನ್ನಿ

‘ನಮ್ಮ ಆಯುರ್ವೇದದಲ್ಲಿ ಇದಕ್ಕೆ ಮದ್ದಿದೆಯಲ್ಲ’ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಹಳ್ಳಿಯ ಹುಡುಗರಿಗೆ ನಸುಗುನ್ನಿ ಗೊತ್ತು, ಅದರ ಕಾಯಿಯ ರೋಮ ತಗುಲಿದರೆ ತುರಿಕೆ ಪ್ರಾಣ ಹಿಂಡುತ್ತದೆ. ಆಯುರ್ವೇದ ಕಂಪವಾತಕ್ಕೆ ಬಳಸುವುದು ಅದರ ಬೀಜವನ್ನು. ಆ ಬೀಜದಲ್ಲಿ ಲೀವೋಡೋಪಾ ಇರುವುದನ್ನು ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮ ದೇಶದ ವಿಜ್ಞಾನಿಗಳು 1937ರಷ್ಟು ಹಿಂದೆಯೇ ಪ್ರಕಟಿಸಿದ್ದರು. ವಿಯೆನ್ನಾದ ಚುಚ್ಚುಮದ್ದಿಗಿಂತ 24 ವರ್ಷ ಮೊದಲು! ಬೀಜದಿಂದ ಮಾಡಿದ ಪುಡಿಯನ್ನು 60 ರೋಗಿಗಳು 12 ವಾರ ಬಳಸಿ ಸುಧಾರಿಸಿದರೆಂಬ ವರದಿ 1995ರಲ್ಲಿ ಬಂತು. ಆದರೆ ಅಲ್ಲಿ ಹುಸಿಮದ್ದಿರಲಿಲ್ಲ, ಎಲ್ಲರಿಗೂ ತಾವು ಏನು ತೆಗೆದುಕೊಳ್ಳುತ್ತಿದ್ದೇವೆಂದು ಗೊತ್ತಿತ್ತು. ಲಂಡನ್ನಿನಲ್ಲಿ ಗುಟ್ಟು ಕಾಯ್ದು ನಡೆಸಿದ 2004ರ ಅಧ್ಯಯನದಲ್ಲಿ ಆ ಪುಡಿ ಸಾಮಾನ್ಯ ಗುಳಿಗೆಗಿಂತ ಬೇಗ ಕೆಲಸ ಮಾಡಿತು, ಹೆಚ್ಚು ಹೊತ್ತು ಉಳಿಯಿತು. ರೋಗಿಗಳು ಎಂಟೇ ಮಂದಿ. ಹಿತ್ತಲ ಗಿಡವೆಂದು ತಾತ್ಸಾರವೂ ಬೇಡ, ನಮ್ಮದೆಂದು ರಿಯಾಯಿತಿಯೂ ಬೇಡ. ವೈದ್ಯರನ್ನು ಕೇಳದೆ ಈ ಪುಡಿಯನ್ನು ಗುಳಿಗೆಯ ಜೊತೆ ಸೇರಿಸಿಕೊಂಡರೆ ಲೀವೋಡೋಪಾ ಅಳತೆ ಮೀರುತ್ತದೆ ಎಂಬುದನ್ನೂ ಹೇಳಿಬಿಡಬೇಕು.

ಈ ಕೆಲಸಕ್ಕೆ ಬರುವ ದಾರಿ ಉದ್ದವಾದದ್ದು. ಎಂಬಿಬಿಎಸ್, ಸಾಮಾನ್ಯವಾಗಿ ಮೂರು ವರ್ಷದ ಎಂಡಿ, ಮತ್ತೆ ನರರೋಗಶಾಸ್ತ್ರದ ಡಿಎಂ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಡಿಎಂ ಓದಬಹುದು. ಆದರೆ ಪ್ರಯೋಗವೊಂದು ಬರೀ ವೈದ್ಯರಿಂದ ನಡೆಯುವುದಿಲ್ಲ. ಎಷ್ಟು ರೋಗಿಗಳು ಬೇಕೆಂದು ಮೊದಲೇ ಲೆಕ್ಕ ಹಾಕುವ ಸಂಖ್ಯಾಶಾಸ್ತ್ರಜ್ಞರು, ಗುಟ್ಟಿನ ಗುಳಿಗೆಗಳ ಲೆಕ್ಕವಿಡುವ ಔಷಧ ವಿಜ್ಞಾನ ಓದಿದವರು, ತಿಂಗಳು ತಿಂಗಳು ರೋಗಿಯ ಮನೆಗೆ ಫೋನು ಮಾಡುವ ದಾದಿಯರು ಇರುತ್ತಾರೆ. ಗಣಿತದಲ್ಲಿ ಒಲವಿದ್ದು ರಕ್ತ ಕಂಡರೆ ಅಂಜುವ ಮಗುವಿಗೂ ಇಲ್ಲಿ ಜಾಗವಿದೆ.

‘ನಮ್ಮ ಜನರ ಮೇಲೆ ಪ್ರಯೋಗ ಮಾಡುತ್ತಾರಂತೆ’ ಎಂಬ ಆತಂಕ ನಮ್ಮಲ್ಲಿ ಇದ್ದೇ ಇದೆ, ಅದಕ್ಕೆ ಕಾರಣಗಳೂ ಇದ್ದವು. 2009ರ ಜೂನ್‌ನಿಂದ ನಮ್ಮ ದೇಶದಲ್ಲಿ ಇಂಥ ಪ್ರತಿಯೊಂದು ಪ್ರಯೋಗವನ್ನೂ ಯಾರು ಬೇಕಾದರೂ ನೋಡಬಹುದಾದ ದಾಖಲೆಯಲ್ಲಿ ನೋಂದಾಯಿಸಬೇಕು. 2019ರ ನಿಯಮಗಳ ಪ್ರಕಾರ ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಕೊಡಿಸಬೇಕು, ಪರಿಹಾರ ಕೊಡಬೇಕು. ಒಪ್ಪಿಗೆಪತ್ರದ ಒಂದು ಪ್ರತಿ ರೋಗಿಯ ಕೈಯಲ್ಲಿರಬೇಕು. ಬೇಡವೆನಿಸಿದ ದಿನ ಕಾರಣ ಹೇಳದೆ ಹೊರಬರುವ ಹಕ್ಕು ರೋಗಿಗೆ ಇದೆ, ಅದರಿಂದ ಅವನ ಮಾಮೂಲಿ ಚಿಕಿತ್ಸೆಗೆ ಧಕ್ಕೆಯಾಗುವಂತಿಲ್ಲ.

ಪ್ರಯೋಗ ಶುರುವಾಗುವ ಮುನ್ನ ನೀತಿ ಸಮಿತಿಯೊಂದು ಅದಕ್ಕೆ ಒಪ್ಪಬೇಕು. ಸಮಿತಿಯಲ್ಲಿ ಕಡಿಮೆಯೆಂದರೆ ಏಳು ಮಂದಿ, ಅರ್ಧದಷ್ಟಾದರೂ ಜನ ಆ ಸಂಸ್ಥೆಯ ಹೊರಗಿನವರು. ಕಾನೂನು ಬಲ್ಲವರೊಬ್ಬರು, ಒಬ್ಬ ಮಹಿಳೆಯಾದರೂ ಇರಲೇಬೇಕು. ಜೊತೆಗೆ ವೈದ್ಯ ವಿಷಯ ಓದದ ಸಾಮಾನ್ಯ ಪ್ರಜೆಯೊಬ್ಬರು. ಅವರು ನಿವೃತ್ತ ಮೇಷ್ಟ್ರಾಗಿರಬಹುದು, ಮನೆ ನಡೆಸುವ ತಾಯಿಯಾಗಿರಬಹುದು. ಒಪ್ಪಿಗೆಪತ್ರವನ್ನು ಕೈಯಲ್ಲಿ ಹಿಡಿದು, ‘ಡಾಕ್ಟರೇ, ಈ ಮೂರನೆಯ ಪುಟದಲ್ಲಿ ಬರೆದಿರುವುದು ನಮ್ಮ ತಂದೆಗೆ ಅರ್ಥವಾಗುವುದಿಲ್ಲ, ಬಿಡಿಸಿ ಬರೆಯಿರಿ’ ಎಂದು ಅವರು ಹೇಳಿದರೆ, ಡಿಎಂ ಮಾಡಿದ ವೈದ್ಯರು ಅದನ್ನು ತಿದ್ದಿ ಬರೆದುಕೊಂಡು ಬರಬೇಕು.